ಒಂದು ಮೊಳದ ಸಂದಿ

ನನ್ನ ನೆನಪಿನಲ್ಲಿ ಆ ಬೇಲಿಯ ಪಕ್ಕ ಒಂದು ಬೇವಿನ ಮರ ಇದೆ. ಮರದ ಕೆಳಗೆ ನಾನು ನಿಂತಿದ್ದೇನೆ. ಎದುರಿಗೆ ಬೇಲಿಯ ಕಾವಲುಗಾರರೊಬ್ಬರು ನಿಂತಿದ್ದಾರೆ. ನಾನು ಅವರಿಗೆ ಏನೋ ಹೇಳುತ್ತಿದ್ದೇನೆ. ಆದರೆ ಆ ಹುಲ್ಲುಗಾವಲಿನಲ್ಲಿ ಬೇವಿನ ಮರವೇ ಇರಲಿಲ್ಲ. ಅಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ನೆರಳು ಕೊಡುವ ಒಂದು ಗಿಡವೂ ಇಲ್ಲವೆಂದು ನಾನೇ ತಯಾರಿಸಿದ ನಕ್ಷೆ ಹೇಳುತ್ತದೆ. ಬೇವಿನ ಮರ ಹಿರೋಳ್ಳಿಯ ನಮ್ಮ ಮನೆಯ ಮುಂದಿನದು. ಅದು ಆಳಂದ ತಾಲೂಕಿನಿಂದ ಜೇವರ್ಗಿ ತಾಲೂಕಿನ ತನಕ ಹೇಗೆ ಬಂದು ನಿಂತಿತೋ ತಿಳಿಯದು. ಮರವೇ ಸುಳ್ಳಾದರೆ ಅದರ ಕೆಳಗೆ ನಾನು ಆಡಿದ ಮಾತು ಎಷ್ಟು ಖರೆ? ಒಬ್ಬ ಮನುಷ್ಯನ ನೌಕರಿ ಆ ಮಾತಿನ ಮೇಲೆ ನಿಂತಿತ್ತು. ಆದ್ದರಿಂದ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಖಾಲಿ ಕೂತಿದ್ದ ನನಗೆ ಒಂದು ಸರಕಾರಿ ಯೋಜನೆಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಜೇವರ್ಗಿ ತಾಲೂಕಿನ ಕೊಳಕೂರದಿಂದ ಒಂದಿಷ್ಟು ಆಚೆ, ಎರೆಹೊಲಗಳ ನಡುವೆ, ಕಲ್ಲುಮಿಶ್ರಿತ ಕೆಂಪು ನೆಲದ ಒಂದು ತುಂಡು ಉಳಿದಿತ್ತು. ಅದು ಗಾಯರಾಣ, ಅಂದರೆ ಊರ ದನ ಮೇಯಲು ಬಿಟ್ಟ ಸರಕಾರಿ ಬಯಲು. ಉಳುಮೆಗೆ ಬಾರದ ನೆಲವಾದ್ದರಿಂದ ಯಾರೂ ಅದನ್ನು ಕಬಳಿಸಿರಲಿಲ್ಲ. ಅಲ್ಲಿ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಇದ್ದವು. ಮೊದಲ ಸಲ ಹೋದಾಗ ನಲವತ್ತರ ಹತ್ತಿರ ಎಣಿಸಿದೆ. ನರಿ, ಮೊಲ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳೂ ಇದ್ದವು. ಅವುಗಳ ಜೊತೆಗೇ ಸುತ್ತಲಿನ ದನಕರು, ಎಮ್ಮೆ. ಅದಕ್ಕಿಂತ ಕೆಟ್ಟದ್ದು ಲಾರಿಗಳು. ರಸ್ತೆಗೆ ಹಾಕುವ ಮುರುಮ ಎಂಬ ಗರಸುಮಣ್ಣು ಅಗೆಯಲು ಬರುತ್ತಿದ್ದವು. ಹುಲ್ಲಿನ ಮೇಲೆ ಒಂದೊಂದು ದಿನ ಒಂದೊಂದು ದಾರಿ ಹುಟ್ಟುತ್ತಿತ್ತು. ಚಕ್ರ ಹಾಯ್ದ ಕಡೆ ಮರುವರ್ಷ ಹುಲ್ಲು ಬರುತ್ತಿರಲಿಲ್ಲ.

ಬೇಲಿ ಹಾಕಬೇಕೆಂದು ಯೋಜನೆ. ಮೇಲಿನವರು ಐದು ಸಾಲಿನ ಮುಳ್ಳುತಂತಿಯ ನಕ್ಷೆ ಕಳಿಸಿದ್ದರು. ನಾನು ಒಪ್ಪಲಿಲ್ಲ. ಚಿಗರಿ ಬಯಲಿನಲ್ಲಿ ಆಳೆತ್ತರ ಹಾರುತ್ತದೆ, ಆದರೆ ತಂತಿ ಕಂಡರೆ ಹಾರುವುದಿಲ್ಲ. ತಲೆ ತಗ್ಗಿಸಿ ಕೆಳಗಿನಿಂದ ನುಸುಳುತ್ತದೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಓದಿದ್ದ ಒಂದು ಪರದೇಶದ ವರದಿಯನ್ನು ನೆನಪಿಸಿಕೊಂಡು ನನ್ನದೇ ನಕ್ಷೆ ಬರೆದೆ. ಫರ್ಸಿಕಲ್ಲಿನ ಚಪ್ಪಡಿಗಳ ಕಂಬ, ಮೂರೇ ಸಾಲು ತಂತಿ. ನಡುವಿನದು ಮಾತ್ರ ಮುಳ್ಳಿನದು. ಮೇಲಿನದು ಮತ್ತು ಕೆಳಗಿನದು ನುಣುಪು. ಕೆಳಗಿನ ತಂತಿ ನೆಲದಿಂದ ಪೂರ್ತಿ ಒಂದು ಮೊಳ ಎತ್ತರ. ದನ ಒಳಗೆ ಬರಬಾರದು, ಲಾರಿ ಬರಬಾರದು, ಚಿಗರಿ ಮಾತ್ರ ಮುಂಜಾನೆ ಸಂಜೆ ಹೋಗಿ ಬರಬೇಕು. ಜಿಲ್ಲೆಯ ಅಧಿಕಾರಿ ನಕ್ಷೆ ನೋಡಿ, "ಖರ್ಚು ಕಡಿಮಿ ಆಗ್ತದಲ್ಲ, ಮಾಡ್ರಿ" ಎಂದರು. ನನ್ನ ಪಾಂಡಿತ್ಯಕ್ಕೆ ಸಿಕ್ಕ ಮನ್ನಣೆ ಅಷ್ಟೇ.

ಬೇಲಿ ಎದ್ದ ದಿನ ನೋಡಲು ಬಂದ ಕುರಿಗಾರರಲ್ಲಿ ಒಬ್ಬ ಮುದುಕ ಇದ್ದ. ಕೋಲು ಊರಿ ಬಗ್ಗಿ ಕೆಳಗಿನ ತಂತಿ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಎಷ್ಟ್ ಓದೀರಿ ಸಾಹೇಬ್ರ?"

"ಎಂ.ಎಸ್ಸಿ."

"ದನಕ್ಕ ಗ್ವಾಡಿ ಕಟ್ಟೀರಿ, ಕುರಿಗೆ ಬಾಗಲಾ ಇಟ್ಟೀರಿ. ನಮ್ಮ ಮ್ಯಾಲ ಭಾಳ ಮಾಯಾ ನೋಡ್ರಿ ನಿಮಗ."

ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ. ನಾನು ಓದಿದ್ದ ವರದಿ ದನ ಸಾಕುವವರ ಸೀಮೆಯದು. ನಮ್ಮ ಸೀಮೆಯಲ್ಲಿ ಕುರಿ ಇವೆಯೆಂಬುದು ಹಿರೋಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆದಿರಲಿಲ್ಲ.

ಬೇಲಿಗೆ ಇದ್ದ ಒಬ್ಬರೇ ಕಾವಲುಗಾರರ ಬಗ್ಗೆ ಈಗ ಹೇಳಬೇಕು. ಹತ್ತಿರದ ಊರಿನವರು, ಬೌದ್ಧರು, ಆಗ ನಲವತ್ತು ದಾಟಿದ್ದರು. ನಾನು ಇಪ್ಪತ್ತೈದರವನು. ಆದರೂ ಅವರನ್ನು ನೀನು ಎಂದೇ ಮಾತಾಡಿಸುತ್ತಿದ್ದೆ, ಅವರು ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು. ಇಬ್ಬರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ದಿನಗೂಲಿಯ ಮೇಲೆ ಇದ್ದರು. ಇನ್ನು ಕೆಲವು ತಿಂಗಳು ಕಪ್ಪುಚುಕ್ಕೆಯಿಲ್ಲದೆ ಕಳೆದರೆ ಕಾಯಂ ಆಗುವವರಿದ್ದರು. ಅವರ ಮನೆಯಲ್ಲಿ ಅದುವರೆಗೆ ಯಾರೂ ತಿಂಗಳ ಪಗಾರದ ಕೆಲಸ ಮಾಡಿರಲಿಲ್ಲ. ಅವರು, ಅವರ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಬೇರೆಯವರ ಹೊಲಕ್ಕೆ ಕಂಟಿ ಹಚ್ಚಿದವರು. ಜೋಳ ಮೊಳಕಾಲುದ್ದ ಬಂದಾಗ ಬಾರಿ ಗಿಡದ ಮುಳ್ಳಿನ ಕೊಂಬೆಗಳನ್ನು ಕಡಿದು, ಹಗ್ಗ ಕಟ್ಟಿ ಎಳೆದು ತಂದು, ಕವೆಗೋಲಿನಿಂದ ಒತ್ತಿ, ಮೇಲೆ ಕಲ್ಲು ಹೇರಿ ಹೊಲದ ಸುತ್ತ ಬೇಲಿ ಮಾಡುವ ಕೆಲಸ ಅದು. ಈ ಕೆಲಸದಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇಲ್ಲ ಎಂದು ಊರವರು ಹೇಳುತ್ತಿದ್ದರು. ಆ ಕೆಲಸಕ್ಕೆ ಒಂದೇ ನಿಯಮ: ಬೇಲಿಯ ಕೆಳಗೆ ಸಂದಿ ಬಿಟ್ಟವನು ಕೈಗೆಲಸ ಬಾರದವನು. ಸಂದಿ ಕಂಡರೆ ಹೊಲದ ಗೌಡರು ಎಲ್ಲರೆದುರು ಮಾನ ಕಳೆಯುತ್ತಿದ್ದರು.

ಅಂಥವರಿಗೆ ನಾನು ಹೇಳಿದ್ದೆ: "ಕೆಳಗ ಒಂದ್ ಮೊಳ ಖಾಲಿ ಇರ್ಬೇಕು. ಅದೇ ಈ ಬೇಲಿ ಜೀವ." ಇದನ್ನು ಹೇಳಿದ್ದು ನನಗೆ ಖಚಿತ. ಯಾಕೆಂದರೆ ಅವರು ಕೊಟ್ಟ ಉತ್ತರ ನೆನಪಿದೆ.

"ಜೀವ ಹೋಗೂ ದಾರಿನೂ ಅದಾ ಅದಲ್ರಿ ಸಾಹೇಬ್ರ."

ಮೊದಲ ಮಳೆಗಾಲ ಚೆನ್ನಾಗಿಯೇ ಹೋಯಿತು. ಲಾರಿ ಬರುವುದು ನಿಂತಿತು. ಒಬ್ಬ ಟ್ರ್ಯಾಕ್ಟರಿನವನು ಎರಡು ಕಂಬ ಬೀಳಿಸಿದ, ಕಾವಲುಗಾರರು ಚಕ್ರದ ಮುಂದೆ ಅಡ್ಡ ಮಲಗಿ ಅವನನ್ನು ತಿರುಗಿ ಕಳಿಸಿದರು. ಹುಲ್ಲು ಸೊಂಟದ ತನಕ ಬಂತು. ಆ ಹುಲ್ಲೇ ಕುರಿಗಳನ್ನು ಕರೆಯಿತು. ಮೊದಲು ಮರಿಗಳು ತಂತಿಯ ಕೆಳಗೆ ತೂರಿದವು, ಮರಿ ಒಳಗೆ ನಿಂತು ಒದರಿದರೆ ತಾಯಿ ಹೊರಗೆ ನಿಲ್ಲುವುದಿಲ್ಲ. ಒಂದು ಕಡೆ ಓಡಿಸಿದರೆ ಇನ್ನೊಂದು ಕಡೆ. ಎರಡು ಮೈಲಿ ಸುತ್ತಳತೆ, ಕಾಯಲು ಒಬ್ಬರೇ ಮನುಷ್ಯರು. ಅವರ ಹೆಂಡತಿ ಕೂಲಿ ಬಿಟ್ಟು ಬಂದು ಇನ್ನೊಂದು ಮಗ್ಗುಲು ಕಾಯತೊಡಗಿದರು. ಅವರಿಗೆ ಯಾರೂ ಅದನ್ನು ಹೇಳಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಅಧಿಕಾರಿ ಜೀಪಿನಲ್ಲಿ ಬಂದರು. ಆ ದಿನ ಒಳಗೆ ನೂರಾರು ಕುರಿ. ಅಧಿಕಾರಿ ಜೀಪಿನಿಂದ ಇಳಿಯಲೂ ಇಲ್ಲ.

"ಏನಲೇ, ಕುರಿ ಕಾಯಾಕ ಇಟ್ಟೇವೇನ್ ನಿನ್ನ?"

"ಇಲ್ರಿ ಸಾಬ್ರ, ಕೆಳಗ ಸಂದಿ—"

"ಇನ್ನೊಂದ್ ಸಲ ಬಂದಾಗ ಒಂದ್ ಕುರಿ ಕಂಡ್ರ ನಿನ್ನ ಹೆಸರ ಹೊಡದ್ ಹಾಕ್ತೇನಿ. ಕಾಯಂ ಬ್ಯಾರೆ ಆಗ್ಬೇಕಂತ ಇವಗ."

ಜೀಪು ಹೋಯಿತು. ನನ್ನ ನೆನಪಿನಲ್ಲಿ ಉಳಿದವರು ನಾವಿಬ್ಬರೇ. ಆಗ ನಾನು ಅವರಿಗೆ ಏನು ಹೇಳಿದೆ ಎಂಬುದೇ ಈ ಬರಹದ ವಿಷಯ. ನನಗೆ ಗೊತ್ತಿಲ್ಲ. ಇಲ್ಲದ ಬೇವಿನ ಮರ ಹುಟ್ಟಿಕೊಳ್ಳುವುದು ಇಲ್ಲೇ.

ಮರುದಿನ ನಾನು ಅಫಜಲಪುರಕ್ಕೆ ಹೊರಟುಹೋದೆ. ಭೀಮಾ ದಂಡೆಯಲ್ಲಿ ಇನ್ನೊಂದು ಸಮೀಕ್ಷೆಯ ಕೆಲಸ ಇತ್ತು. ಅಲ್ಲಿ ಮೂರು ವಾರ ಕಳೆದೆ. ಆ ಮೂರು ವಾರದಲ್ಲಿ ಕಾವಲುಗಾರರು ಮತ್ತು ಅವರ ಹೆಂಡತಿ ಇಡೀ ಬೇಲಿಗೆ ಕಂಟಿ ಹಚ್ಚಿದರು. ಎರಡು ಮೈಲಿ. ಬಾರಿ ಮುಳ್ಳು ಎಲ್ಲಿಂದಲೋ ಎಳೆದು ತಂದು, ಕೆಳಗಿನ ತಂತಿಗೂ ನೆಲಕ್ಕೂ ನಡುವೆ ತುರುಕಿ, ಕಲ್ಲು ಹೇರಿ, ಎಲ್ಲಿಯೂ ಒಂದು ಗೇಣು ಬಿಡದೆ. ಅವರು ಜೀವಮಾನದಲ್ಲಿ ಮಾಡಿದ ಅತ್ಯುತ್ತಮ ಬೇಲಿ ಅದು ಇರಬೇಕು.

ನಾನು ಹಿಂತಿರುಗಿದಾಗ ಬೆಳಗಿನ ಎಂಟು ಗಂಟೆ. ಬಸ್ಸಿಳಿದು ನಡೆದು ಬರುವಾಗ ದೂರದಿಂದಲೇ ಕಾಗೆಗಳು ಕಂಡವು. ಕಾವಲುಗಾರರು ತಲೆಯ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಮುಂಗೈ ತುಂಬ ಮುಳ್ಳು ಗೀರಿದ ಗುರುತು, ಕೆಲವು ಹಳೆಯವು, ಕೆಲವು ಅಂದಿನವು.

ಬೀಡಾಡಿ ನಾಯಿಗಳು ಬೇಲಿಯ ಗೇಟಿನ ಸಂದಿಯಿಂದ ಒಳಗೆ ಹೊಕ್ಕಿದ್ದವು. ಚಿಗರಿಗಳು ಮೊದಲು ದಿನಾ ನುಸುಳುತ್ತಿದ್ದ ಜಾಗಕ್ಕೆ ಓಡಿ ಬಂದಿವೆ. ಅಲ್ಲಿ ಮುಳ್ಳು. ಇನ್ನೊಂದು ಜಾಗಕ್ಕೆ ಓಡಿವೆ. ಅಲ್ಲಿಯೂ ಮುಳ್ಳು. ಕೆಲವು ಮುಳ್ಳಿನೊಳಗೇ ತಲೆ ತೂರಿಸಿ ಕೊಂಬು ಸಿಕ್ಕಿಸಿಕೊಂಡಿದ್ದವು. ಹಿಂದಿನಿಂದ ನಾಯಿಗಳು ತಿಂದಿದ್ದವು. ಮುಂದಿನ ಅರ್ಧ ಬೇಲಿಯಲ್ಲಿ ನಿಂತಿತ್ತು, ಕಣ್ಣು ತೆರೆದಿತ್ತು. ಬೇಲಿಗುಂಟ ನಡೆದು ಎಣಿಸಿದೆವು. ಹನ್ನೊಂದು. ಒಂದು ಹೆಣ್ಣು ಇನ್ನೂ ಉಸಿರಾಡುತ್ತಿತ್ತು. ಅದರ ಕೊರಳಿನ ಮುಳ್ಳು ಬಿಡಿಸಲು ಹೋದದ್ದಕ್ಕೇ ಅವರ ಕೈಗೆ ಹೊಸ ಗೀರು ಬಿದ್ದದ್ದು. ನಾವು ಇನ್ನೊಂದು ಮೂಲೆ ಮುಟ್ಟಿ ಬರುವಷ್ಟರಲ್ಲಿ ಅದೂ ಸತ್ತಿತ್ತು.

ಅವರು ಒಂದೇ ಮಾತು ಹೇಳಿದರು: "ಒಂದ್ ಕುರಿ ಸೈತ ಒಳಗ ಬಂದಿಲ್ರಿ."

ಅಧಿಕಾರಿ ಮೂರನೆಯ ದಿನ ಬಂದರು. ವಿಚಾರಣೆ ಬೇಲಿಯ ಪಕ್ಕದಲ್ಲೇ ನಡೆಯಿತು, ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು. ಕಾವಲುಗಾರರ ಹೆಂಡತಿ ದೂರ ಕುಕ್ಕರಗಾಲಲ್ಲಿ ಕೂತಿದ್ದರು.

"ಕಂಟಿ ಹಚ್ಚಂತ ಯಾರ್ ಹೇಳಿದ್ರಲೇ ನಿನಗ?"

"ಸಾಹೇಬ್ರು ಹೇಳಿದ್ರಿ."

"ಯಾ ಸಾಹೇಬ್ರು?"

ಅವರು ನನ್ನ ಕಡೆ ಕೈ ಮಾಡಲಿಲ್ಲ. ಬರೀ ನೋಡಿದರು. "ಇವ್ರಾ ರಿ. ನೀವು ಹ್ವಾದ ಮ್ಯಾಲ. ಕೆಳಗಿಂದು ಬಂದ್ ಮಾಡು ಅಂದ್ರಿ."

ಅಧಿಕಾರಿ ನನ್ನತ್ತ ತಿರುಗಿದರು. "ಹೇಳೀರೇನು?"

"ಇಲ್ರಿ," ಎಂದೆ. "ನಾ ಯಾಕ ಹೇಳ್ಲಿ? ಸಂದಿ ಬಿಡ್ಬೇಕಂತ ನಕ್ಷೆ ಮಾಡಿದವನ ನಾನು."

ಆ ದಿನ ನನಗೆ ಯಾವ ಅನುಮಾನವೂ ಇರಲಿಲ್ಲ. ಇದನ್ನು ಒತ್ತಿ ಬರೆಯುತ್ತೇನೆ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ. ಅದು ತರ್ಕಬದ್ಧವಾದ ಉತ್ತರವಾಗಿತ್ತು. ಅಧಿಕಾರಿಗೂ ಹಾಗೆಯೇ ತೋರಿತು. ಮೇಲಿನವರ ಸೂಚನೆ ಮೀರಿ ವನ್ಯಪ್ರಾಣಿಗಳ ಸಾವಿಗೆ ಕಾರಣನಾದನೆಂದು ಬರೆದು ಕಾವಲುಗಾರರನ್ನು ಅಲ್ಲಿಯೇ ತೆಗೆದುಹಾಕಿದರು. ಅವರು ಹೆಬ್ಬೆಟ್ಟು ಒತ್ತಿದರು. ಹೆಂಡತಿ ಎದ್ದು ಬಂದು ಕವೆಗೋಲು, ಕೊಡಲಿ ತೆಗೆದುಕೊಂಡು ಅವರ ಹಿಂದೆ ನಡೆದರು.

ಯೋಜನೆ ಇನ್ನೊಂದು ವರ್ಷ ಕುಂಟಿತು. ಹೊಸ ಕಾವಲುಗಾರ ತಿಂಗಳಿಗೊಮ್ಮೆ ಬರುತ್ತಿದ್ದ. ತಂತಿ ಯಾರ್ಯಾರದೋ ದ್ರಾಕ್ಷಿ ತೋಟಕ್ಕೆ ಹೋಯಿತು, ಫರ್ಸಿಕಲ್ಲು ದನದ ಕೊಟ್ಟಿಗೆಗಳಿಗೆ. ಮುರುಮದ ಲಾರಿಗಳು ತಿರುಗಿ ಬಂದವು. ಚಿಗರಿಗಳು ಎತ್ತ ಹೋದವೋ ಗೊತ್ತಿಲ್ಲ. ನಾನು ಆ ಕೆಲಸ ಬಿಟ್ಟೆ, ಕಿಣ್ಣಿ ಸುಲ್ತಾನ ಎಂಬ ಊರಲ್ಲಿ ಕೆಲ ಕಾಲ ಮಾಸ್ತರಿಕೆ ಮಾಡಿ ಕೊನೆಗೆ ಆಳಂದದ ಒಂದು ಕಾಲೇಜಿಗೆ ಸೇರಿದೆ.

ಕೆಲವು ವರ್ಷಗಳ ಮೇಲೆ ಮನೆ ಬದಲಿಸುವಾಗ ಹಳೆಯ ಟ್ರಂಕಿನಲ್ಲಿ ಆ ಕಾಲದ ನೋಟುಬುಕ್ಕು ಸಿಕ್ಕಿತು. ಅಧಿಕಾರಿ ಬೈದು ಹೋದ ದಿನದ ಪುಟದಲ್ಲಿ ನನ್ನ ಅಕ್ಷರದಲ್ಲೇ ಪೆನ್ಸಿಲಿನ ಎರಡು ಸಾಲು: "ಕೆಳಗಿನ ಸಂದಿಯಿಂದ ಕುರಿ. ಕಾವಲುಗಾರನಿಗೆ ಹೇಳಿದ್ದಾಯಿತು." ಏನು ಹೇಳಿದ್ದಾಯಿತು? ಎದ್ದು ಕಾಯು ಎಂದೆನೇ? ಕುರಿಗಾರರನ್ನು ಕರೆಸು ಎಂದೆನೇ? ಅಥವಾ ಬೈಗುಳ ಕೇಳಿದ ಸಿಟ್ಟಿನಲ್ಲಿ, ಅಫಜಲಪುರಕ್ಕೆ ಹೊರಡುವ ಅವಸರದಲ್ಲಿ, "ಬಂದ್ ಮಾಡಿ ಬಿಡು ಅತ್ಲಾಗ" ಎಂದೆನೇ? ಹಾಗೆ ಹೇಳುವ ನನ್ನ ದನಿ ನನಗೆ ಕೇಳಿಸುತ್ತದೆ. ಆದರೆ ಅದು ಕಾವಲುಗಾರರ ಹೇಳಿಕೆ ಕೇಳಿದ ಮೇಲೆ ನನ್ನ ತಲೆಯೇ ಕಟ್ಟಿಕೊಂಡ ದನಿಯೂ ಆಗಿರಬಹುದು. ಮರ ಕಟ್ಟಿಕೊಂಡ ತಲೆಗೆ ಒಂದು ಮಾತು ಕಟ್ಟುವುದು ಕಷ್ಟವಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಮಧ್ಯಾಹ್ನ ಆ ಕಾವಲುಗಾರರು ಕಾಲೇಜಿನ ಬಾಗಿಲಿಗೆ ಬಂದರು. ಗುರುತು ಹಿಡಿಯಲು ಹೊತ್ತು ಹಿಡಿಯಿತು. ತಲೆ ಪೂರ್ತಿ ಬಿಳಿಯಾಗಿತ್ತು. ಹಳೆಯ ದಿನಗೂಲಿಯವರನ್ನು ಕಾಯಂ ಮಾಡುವ ಆದೇಶವೊಂದು ಬಂದಿತ್ತು. ತೆಗೆದುಹಾಕಿದವರೂ ಅರ್ಜಿ ಹಾಕಬಹುದಿತ್ತು, ತಪ್ಪು ತಮ್ಮದಲ್ಲವೆಂದು ತೋರಿಸಿದರೆ. ನಿವೃತ್ತಿಗೆ ಮೂರು ವರ್ಷ ಬಾಕಿ. ಕಾಯಂ ಆದರೆ ಪೆನ್ಷನ್.

"ನೀವ್ ಒಂದ್ ಚಿಟ್ಟಿ ಬರದ್ ಕೊಡ್ರಿ ಸಾಹೇಬ್ರ. ನಾನಾ ಹೇಳಿದ್ದೆ ಅಂತ. ಈಗ ನಿಮಗ್ಯಾರೂ ಏನೂ ಅನ್ನಂಗಿಲ್ಲ."

"ನೀವು ಕೂಡ್ರಿ ಮೊದ್ಲ," ಎಂದೆ. ಚಹಾ ತರಿಸಿದೆ. ಆಮೇಲೆ ಕೇಳಿದೆ, "ಖರೆ ಹೇಳ್ರಿ, ಅವತ್ತ ನಾ ಹೇಳಿದ್ನೇನು?"

ಅವರು ಬಟ್ಟಲು ಕೆಳಗಿಟ್ಟರು. "ಇದೇನ್ರಿ? ನಿಮಗ ಗೊತ್ತಿಲ್ಲೇನು?"

"ನೆನಪ ಸರಿ ಇಲ್ಲ."

"ನನಗ ಅದ," ಎಂದರು. "ನಿಮ್ಮ ಮಾತ ಇಲ್ದ ನಾ ಎರಡ ಮೈಲಿ ಕಂಟಿ ಎಳೀತಿದ್ನೇನ್ರಿ? ನನಗೇನ್ ಹುಚ್ಚೇನು?"

ಆ ಪ್ರಶ್ನೆಗೂ ನಾನು ಮನಸ್ಸಿನಲ್ಲೇ ಉತ್ತರ ಹುಡುಕಿದೆ. ನೌಕರಿ ಹೋಗುವ ಹೆದರಿಕೆಯಲ್ಲಿ, ಬೇಲಿಯ ಕೆಳಗೆ ಸಂದಿ ನೋಡಲಾಗದ ಕೈಗಳು, ಎಳೆಯುತ್ತಿದ್ದವೇನೋ. ಇಬ್ಬರ ನೆನಪಿಗೂ ತನ್ನದೇ ಅಗತ್ಯವಿತ್ತು. ಒಬ್ಬ ಮನುಷ್ಯ ಎದುರು ಕೂತು ತನ್ನ ಮುಪ್ಪಿನ ಆಸರೆ ಕೇಳುತ್ತಿರುವಾಗ ನಾನು ಯೋಚಿಸಿದ್ದು ಇದನ್ನು.

ಎರಡು ಪುಟ ಬರೆದೆ. ಅವರ ಪ್ರಾಮಾಣಿಕತೆ, ಟ್ರ್ಯಾಕ್ಟರಿಗೆ ಅಡ್ಡ ಮಲಗಿದ್ದು, ಬೇಲಿಯ ನಕ್ಷೆಯಲ್ಲಿ ಕುರಿಗಳನ್ನು ಮರೆತದ್ದು ನನ್ನ ತಪ್ಪು, ಎಲ್ಲವನ್ನೂ. ಮುಖ್ಯ ಸಾಲು ಬಂದಾಗ ಪೆನ್ನು ನಿಂತಿತು. "ಅಂದು ನಾನು ಮೌಖಿಕವಾಗಿ ಅಂಥ ಸೂಚನೆ ನೀಡಿರಬಹುದು ಎಂಬುದನ್ನು ಅಲ್ಲಗಳೆಯಲಾರೆ" ಎಂದು ಬರೆದು ಸಹಿ ಹಾಕಿದೆ. ಅವರು ಓದಿ ಹೇಳಿ ಎಂದರು. ಓದಿದೆ.

"ಅಂದ್ರ? ಹೇಳಿದ್ರಿ ಅಂತೋ, ಇಲ್ಲಂತೋ?"

"ಹೇಳಿರಬಹುದು ಅಂತ."

ಅವರು ಕಾಗದ ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು. "ನಡೀತದೇನ್ರಿ ಇಷ್ಟ?"

"ನಡೀಬೇಕು," ಎಂದೆ.

ನಡೆಯಲಿಲ್ಲ. ನಾಲ್ಕು ತಿಂಗಳ ಮೇಲೆ ಅರ್ಜಿ ತಿರಸ್ಕಾರವಾಯಿತೆಂದು ತಿಳಿದು ನಾನೇ ಕಚೇರಿಗೆ ಹೋದೆ. ದಾರಿಯಲ್ಲೇ ಇನ್ನೊಂದು ಪತ್ರ ಬರೆದುಕೊಂಡಿದ್ದೆ. ನಾಲ್ಕೇ ಸಾಲು, ನಾನೇ ಹೇಳಿದೆ, ತಪ್ಪು ನನ್ನದು ಎಂದು. ಬರೆಯುವಾಗಲೂ ಅದು ಖರೆಯೆಂದು ನನಗೆ ಗೊತ್ತಿರಲಿಲ್ಲ. ಗುಮಾಸ್ತ ಕಡತ ತೆಗೆದು ಎರಡೂ ಪತ್ರಗಳನ್ನು ಪಕ್ಕಪಕ್ಕ ಇಟ್ಟ.

"ಸರ್, ನೀವ್ ಕಾಲೇಜಿನ್ಯಾಗ ಕಲಸ್ತೀರಿ. ನೀವಾ ಹೇಳ್ರಿ. ಇದ್ರಾಗ ಯಾವ್ದು ಖರೆ?"

"ಎರಡನೇದು."

"ಮದ್ಲೇದು ಬರ್ಯೂವಾಗ ನೆನಪಿರಲಿಲ್ಲ. ಈಗ, ಅರ್ಜಿ ಬಿದ್ದ್ ಮ್ಯಾಲ, ನೆನಪಾತೇನ್ರಿ?" ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. "ಮದ್ಲೇ ಹಿಂಗ್ ಬರದಿದ್ರ ಆಗ್ತಿತ್ರಿ. ವಿಚಾರಣಿ ಕಾಗದದಾಗ ನೀವ್ 'ಇಲ್ಲ' ಅಂದೀರಿ. ಚಿಟ್ಟಿಯೊಳಗ 'ಇರಬಹುದು' ಅಂದೀರಿ. ಈಗ 'ಹೌದು' ಅಂತೀರಿ. ನಾ ಯಾವ್ದು ಮ್ಯಾಲ ಕಳಿಸ್ಲಿ?"

ಎರಡನೆಯ ಪತ್ರವನ್ನು ಅವನು ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ನೇರ ಅವರ ಊರಿಗೆ ಹೋದೆ. ಬಾಗಿಲಲ್ಲಿ ಅವರ ಹೆಂಡತಿ ತೊಗರಿ ಹಸನು ಮಾಡುತ್ತ ಕೂತಿದ್ದರು. ಮೊರ ಪಕ್ಕಕ್ಕಿಟ್ಟು ಸೆರಗು ಸರಿಮಾಡಿಕೊಂಡರು. ಕೂಡ್ರಿ ಎನ್ನಲಿಲ್ಲ.

"ಅವ್ರು ಕೆಲಸಕ್ಕ ಹೋಗ್ಯಾರ್ರಿ. ಫರ್ಸಿ ಹೇರಾಕ. ಸಂಜಿಗೆ ಬರ್ತಾರ."

"ಅರ್ಜಿ ಆಗ್ಲಿಲ್ಲ ಅಂತ ಹೇಳ್ಬೇಕಾಗಿತ್ತವ್ವ."

"ಅದು ಗೊತ್ತಾಗ್ಯದ ಅವ್ರಿಗೆ." ತಲೆ ಎತ್ತಿ ನನ್ನ ಮುಖ ನೋಡಿದರು. "ಅವತ್ತ ನಾನೂ ಅಲ್ಲೇ ಇದ್ದೆ ಸಾಹೇಬ್ರ, ಜೀಪ್ ಹ್ವಾದ ಮ್ಯಾಲ. ನನ್ನ ಯಾರೂ ಕೇಳ್ಲೇ ಇಲ್ಲ."

"ಏನ್ ಹೇಳಿದ್ದೆ ನಾನು?"

ಅವರು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದರು.

"ಈಗ್ಯಾಕ್ರಿ?" ಎಂದರು. "ಇನ್ ನಿಮಗಷ್ಟಾ ಬೇಕಾಗ್ಯದ ಅದು."